ಓದಲು ಬಾರದ ಪೋಸ್ಟರ್ ಯಾಕೆ ಮಾಡುತ್ತಿದ್ದರು?

ಹಿಪ್ಪಿ ಕಾಲದ ರಾಕ್ ಪೋಸ್ಟರುಗಳಲ್ಲಿ ಬ್ಯಾಂಡಿನ ಹೆಸರೇ ಓದಲು ಬರುವುದಿಲ್ಲ, ಎಲ್.ಎಸ್.ಡಿ. ನಶೆಯಲ್ಲಿ ಗೀಚಿದ್ದಾ ಅಂತ ಕೇಳಿದ್ದೀರಿ. ನಶೆ ಸುತ್ತಮುತ್ತ ಇತ್ತು, ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಎಲ್.ಎಸ್.ಡಿ. ನಿಷೇಧವಾದದ್ದೇ 1966ರ ಅಕ್ಟೋಬರಿನಲ್ಲಿ. ಆದರೆ ಗೀಚಿದ್ದು ಅನ್ನುವುದನ್ನು ನಾನು ಒಪ್ಪಲ್ಲ. ನನ್ನ ಹೊಟ್ಟೆಪಾಡೂ ಡಿಸೈನ್ ಕೆಲಸವೇ. ಅಷ್ಟು ಬಿಗಿಯಾಗಿ ಅಕ್ಷರ ಕೂರಿಸಬೇಕಾದರೆ ತಲೆ ನೆಟ್ಟಗಿರಬೇಕು, ಕೈ ನಡುಗಬಾರದು.

ನೀವು ನೋಡಿರುವ ಪೋಸ್ಟರುಗಳು ಬಹುಶಃ 1966-67ರ ಸ್ಯಾನ್ ಫ್ರಾನ್ಸಿಸ್ಕೋದವು. ಅಲ್ಲಿ ರಾಕ್ ಸಂಗೀತ ಕಾರ್ಯಕ್ರಮಕ್ಕೆ ಎರಡು ಹಾಲ್ ಜೋರಾಗಿದ್ದವು. ಫಿಲ್‌ಮೋರ್ ನಡೆಸುತ್ತಿದ್ದವರು ಬಿಲ್ ಗ್ರಹಾಂ. ಅವಲಾನ್‌ನಲ್ಲಿ ಕಾರ್ಯಕ್ರಮ ಏರ್ಪಡಿಸುತ್ತಿದ್ದದ್ದು ಚೆಟ್ ಹೆಲ್ಮ್ಸ್ ಅವರ ಫ್ಯಾಮಿಲಿ ಡಾಗ್ ತಂಡ. ಕಾರ್ಯಕ್ರಮ ಬದಲಾದ ಹಾಗೆಲ್ಲ ಹೊಸ ಪೋಸ್ಟರ್ ಬೇಕು.

ಆ ಕರಗಿ ಹರಿಯುವಂಥ ಅಕ್ಷರಗಳನ್ನು ಹೆಸರುವಾಸಿ ಮಾಡಿದವರು ವೆಸ್ ವಿಲ್ಸನ್. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಪಳಗಿದ ಮನುಷ್ಯ. ವಿಯೆನ್ನಾದ ಆಲ್ಫ್ರೆಡ್ ರೋಲರ್ ಅನ್ನುವ ಕಲಾವಿದ 20ನೇ ಶತಮಾನದ ಆರಂಭದಲ್ಲೇ ಬರೆದಿದ್ದ ದಪ್ಪ ಅಕ್ಷರಗಳು ಅವರ ಕಣ್ಣಿಗೆ ಬಿದ್ದವು. ಅವನ್ನು ಇನ್ನಷ್ಟು ಉಬ್ಬಿಸಿ, ಬಗ್ಗಿಸಿ ತಮ್ಮದು ಮಾಡಿಕೊಂಡರು. 1966ರ ಜುಲೈನಲ್ಲಿ ದಿ ಅಸೋಸಿಯೇಷನ್ ಬ್ಯಾಂಡಿಗೆ ಮಾಡಿದ್ದು ನೋಡಿ. ಅದರಲ್ಲಿ ಮೊದಲು ಬೆಂಕಿಯ ಆಕಾರ, ಆಮೇಲೆ ಅಕ್ಷರ. ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಪಾಕ ಸುರಿದ ಹಾಗೆ ಹೆಸರುಗಳು ಆ ಆಕಾರದ ಮೂಲೆಮೂಲೆಗೂ ತುಂಬಿಕೊಂಡಿವೆ. ನಡುವೆ ಸಣ್ಣ ಸಂದಿ ಮಾತ್ರ. ಕಣ್ಣಿಗೆ ಅಕ್ಷರ ಯಾವುದು, ಸಂದಿ ಯಾವುದು ಅಂತ ತಕ್ಷಣಕ್ಕೆ ಗೊತ್ತಾಗಲ್ಲ.

ಬಣ್ಣದ ಆಟ ಇನ್ನೂ ಮಜಾ. ಅಲ್ಲಿನ ಇನ್ನೊಬ್ಬ ಪೋಸ್ಟರ್ ಕಲಾವಿದ ವಿಕ್ಟರ್ ಮೊಸ್ಕೋಸೋ ಯೇಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ಆಲ್ಬರ್ಸ್ ಹತ್ತಿರ ಬಣ್ಣದ ಪಾಠ ಕಲಿತವರು. ಸಾಮಾನ್ಯವಾಗಿ ಅಕ್ಷರ ಗಾಢ, ಹಿನ್ನೆಲೆ ತಿಳಿ ಇರುತ್ತದಲ್ವಾ? ಆ ವ್ಯತ್ಯಾಸದಿಂದಲೇ ನಮ್ಮ ಕಣ್ಣು ಅಂಚು ಗುರುತಿಸುವುದು. ಇವರು ಅದನ್ನೇ ಕಿತ್ತು ಹಾಕಿದರು. ಕೆಂಪಿನ ಪಕ್ಕ ಹಸಿರು, ಕಿತ್ತಳೆಯ ಪಕ್ಕ ನೀಲಿ ಇಟ್ಟು, ಎರಡಕ್ಕೂ ಒಂದೇ ಮಟ್ಟದ ಹೊಳಪು ಕೊಟ್ಟರು. ಅಂಚಿನಲ್ಲಿ ಬಣ್ಣ ಅದುರಿದ ಹಾಗೆ ಕಾಣುತ್ತದೆ. ನಂಬಿಕೆ ಬರದಿದ್ದರೆ ಅಂಥದ್ದೊಂದು ಪೋಸ್ಟರಿನ ಫೋಟೋವನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರಗಳು ಬೂದು ಬಣ್ಣದಲ್ಲಿ ಅರ್ಧಕ್ಕರ್ಧ ಮಾಯವಾಗಿರುತ್ತವೆ! 1967ರಲ್ಲಿ ಚೇಂಬರ್ಸ್ ಬ್ರದರ್ಸ್‌ಗೆ ಅವರು ಮಾಡಿದ ಪೋಸ್ಟರ್ ನನ್ನ ಫೇವರಿಟ್. ಒಂದು ಮುಖ, ದೊಡ್ಡ ಕೂಲಿಂಗ್ ಗ್ಲಾಸ್, ಆ ಗಾಜಿನೊಳಗೇ ಅಕ್ಷರಗಳು. ಇದನ್ನು ನಶೆಯಲ್ಲಿ ಮಾಡಿ ಅಂದರೆ ಆಗುವ ಕೆಲಸ ಅಲ್ಲ.

ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಗುಲಾಬಿ ಮುಡಿದ ಅಸ್ಥಿಪಂಜರ ಗೊತ್ತಲ್ಲ, ಅದು ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ ಅನ್ನುವ ಪೋಸ್ಟರ್ ಕಲಾವಿದರಿಗೆ ಸಿಕ್ಕಿದ್ದು ಲೈಬ್ರರಿಯಲ್ಲಿ. ಉಮರ್ ಖಯ್ಯಾಮನ ಪದ್ಯಗಳಿಗೆ ಎಡ್ಮಂಡ್ ಸಲಿವನ್ ಬರೆದ ಹಳೇ ಚಿತ್ರ. ನಮ್ಮ ಡಿ.ವಿ.ಜಿ. ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರಲ್ಲ, ಅದೇ ಪದ್ಯಗಳು.

ಪೋಸ್ಟರ್ ಓದಲು ಬಾರದಿದ್ದರೆ ಜನ ಕಾರ್ಯಕ್ರಮಕ್ಕೆ ಹೇಗೆ ಬರುತ್ತಿದ್ದರು? ಗ್ರಹಾಂಗೂ ಮೊದಮೊದಲು ಇದೇ ತಕರಾರು, ಓದೋಕಾಗಲ್ಲ ಅಂತ. ಓದಲು ಆಗದ್ದಕ್ಕೇ ಜನ ನಿಂತು ನೋಡುತ್ತಾರೆ ಅನ್ನುವುದು ವಿಲ್ಸನ್ ವಾದ. ಅದೇ ನಿಜವಾಯಿತು. ಬೀದಿಯಲ್ಲಿ ಅಂಟಿಸಿದ ಪೋಸ್ಟರನ್ನು ಜನ ಕಿತ್ತು ಮನೆಗೆ ಒಯ್ಯುತ್ತಿದ್ದರು. ಟೈ ಕಟ್ಟಿಕೊಂಡು ಆಫೀಸಿಗೆ ಹೋಗುವವನು ಓದದಿದ್ದರೆ ಯಾರಿಗೇನು ನಷ್ಟ? ಟಿಕೆಟ್ ಕೊಳ್ಳುವವರು ಅವನಲ್ಲವಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಹಿಪ್ಪಿಗಳ ಬಡಾವಣೆ ಹೈಟ್-ಆಶ್ಬರಿಯ ಹುಡುಗ ಹುಡುಗಿಯರಿಗೆ ಪುರುಸೊತ್ತೂ ಇತ್ತು, ಕುತೂಹಲವೂ ಇತ್ತು.

ದುಡ್ಡಿನ ವಿಷಯಕ್ಕೆ ಗ್ರಹಾಂ ಜೊತೆ ಮನಸ್ತಾಪವಾಗಿ ವಿಲ್ಸನ್ 1967ರಲ್ಲಿ ಫಿಲ್‌ಮೋರ್ ಬಿಟ್ಟರು. ಆ ಕೆಲಸಕ್ಕೆ ಕೈ ಹಾಕಿದ್ದು ಗ್ರಹಾಂ ಅವರ ಹೆಂಡತಿ ಬಾನಿ ಮೆಕ್ಲೀನ್. ಅವರ ಪೋಸ್ಟರುಗಳಲ್ಲಿ ಶಾಂತ ಮುಖಗಳು ಜಾಸ್ತಿ, ಕಣ್ಣಿಗೂ ಅಷ್ಟು ಹಿಂಸೆ ಇಲ್ಲ. ಓದಿ ಅಭ್ಯಾಸ ಮಾಡಿಕೊಳ್ಳುವ ಮನಸ್ಸಿದ್ದರೆ ಅವರದ್ದರಿಂದ ಶುರು ಮಾಡಿ. ಮೊಸ್ಕೋಸೋ ಆಮೇಲೆ.