ನಿಮ್ಮ ನ್ಯಾನೋ ಕಪಾಸಿಟರ್ ಲೇಖನದ ಬಗ್ಗೆ: ನಾಲ್ಕನೇ ಪುಟದಿಂದ ಶುರು ಮಾಡಿ

ನಮಸ್ಕಾರ. ನೀವು ಕಳ್ಸಿದ ‘ಬ್ಯಾಟರಿ ಕಾಲ ಮುಗೀತು, ನ್ಯಾನೋ ಕಪಾಸಿಟರ್ ಬಂತು’ ಲೇಖನ ಪೂರ್ತಿ ಓದಿದೆ, ಆಮೇಲೆ ಪೆನ್ಸಿಲ್ ಹಿಡ್ಕೊಂಡು ಇನ್ನೊಂದ್ಸಲ ಓದಿದೆ. ನೇರವಾಗಿ ಹೇಳ್ತೀನಿ, ಈಗಿರೋ ಹಾಗೆ ಹಾಕೋಕಾಗಲ್ಲ. ಆದ್ರೆ ಕೈಬಿಡಿ ಅಂತಾನೂ ಹೇಳಲ್ಲ, ಯಾಕಂದ್ರೆ ಪ್ಲಾಸ್ಟಿಕ್ ಫಿಲ್ಮ್‌ಗೆ ನ್ಯಾನೋ ಕಣ ಸೇರಿಸಿ ಜಾಸ್ತಿ ಎನರ್ಜಿ ಹಿಡಿಸೋ ಈ ಕೆಲ್ಸದ ಬಗ್ಗೆ ಕನ್ನಡದಲ್ಲಿ ಬರೆಯೋರು ತುಂಬಾ ಕಮ್ಮಿ, ಅದ್ರಲ್ಲೂ ನೀವು ಲ್ಯಾಬಲ್ಲಿ ಕೈಯಾರೆ ಫಿಲ್ಮ್ ಮಾಡಿದವರು ಅನ್ನೋದು ನಾಲ್ಕನೇ ಪುಟ ಓದಿದ್ರೆ ಗೊತ್ತಾಗುತ್ತೆ.

ಹೆಡ್ಡಿಂಗ್ ಮೊದಲು ತೆಗೀರಿ, ಅದು ತಪ್ಪು. ಮಾರ್ಕೆಟ್‌ನಲ್ಲಿ ಸಿಗೋ ಒಳ್ಳೆ ಪಾಲಿಪ್ರೊಪಿಲೀನ್ (ಒಂದು ಬಗೆ ಪ್ಲಾಸ್ಟಿಕ್) ಫಿಲ್ಮ್ ಕಪಾಸಿಟರ್ ಒಂದು ಘನ ಸೆಂಟಿಮೀಟರಿಗೆ ಒಂದೆರಡು ಜೂಲ್ ಹಿಡಿಯುತ್ತೆ, ಲ್ಯಾಬಲ್ಲಿ ಮಾಡಿದ ನ್ಯಾನೋಕಾಂಪೋಸಿಟ್ (ನ್ಯಾನೋ ಕಣ ಬೆರೆಸಿದ) ಫಿಲ್ಮ್‌ಗಳು 20 ಜೂಲ್ ದಾಟಿರೋದೂ ಇದೆ, ಆದ್ರೆ ಅಷ್ಟೇ ಜಾಗದ ಲಿಥಿಯಂ ಅಯಾನ್ ಸೆಲ್ ಸಾವಿರ ಜೂಲಿಗಿಂತ ಜಾಸ್ತಿ ಹಿಡಿಯುತ್ತೆ. ಎಲ್ಲಿಯ ಹೋಲಿಕೆ ಇದು! ಕಪಾಸಿಟರ್ ಬೇಕಿರೋದು ಇರೋ ಎನರ್ಜಿನ ಕಣ್ಣು ಮಿಟುಕಿಸೋದ್ರೊಳಗೆ ಸುರಿಯೋಕೆ. ಆಸ್ಪತ್ರೆಯ ಡಿಫಿಬ್ರಿಲೇಟರ್, ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್, ಇಲ್ಲೆಲ್ಲ ಬ್ಯಾಟರಿ ಪಕ್ಕದಲ್ಲೇ ಕಪಾಸಿಟರೂ ಇರುತ್ತೆ. ಓದುಗರನ್ನ ಒಳಗೆ ಕರ್ಕೊಳ್ಳೋಕೆ ಅಷ್ಟು ದೂರಾನೂ ಹೋಗ್ಬೇಕಿಲ್ಲ, ಸೀಲಿಂಗ್ ಫ್ಯಾನ್ ನಿಧಾನ ಆದಾಗ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಅಂತಾನಲ್ಲ, ಅದೂ ಕಪಾಸಿಟರೇ, ಅದ್ರೊಳಗೆ ಸುತ್ತಿರೋದು ಇದೇ ಪಾಲಿಪ್ರೊಪಿಲೀನ್ ಫಿಲ್ಮ್. ಅಲ್ಲಿಂದ ಶುರು ಮಾಡ್ಬಹುದಿತ್ತು.

ಈಗ ಮುಖ್ಯ ವಿಷಯ. ಮೂರನೇ ಪುಟದಲ್ಲಿ ನೀವು ಹೀಗೆ ವಾದ ಮಾಡಿದೀರಿ: ಪಿವಿಡಿಎಫ್ ಅನ್ನೋ ಪಾಲಿಮರ್‌ನ (ಪ್ಲಾಸ್ಟಿಕ್‌ನ) ಪರ್ಮಿಟಿವಿಟಿ, ಅಂದ್ರೆ ಒಂದೇ ಫೀಲ್ಡ್‌ನಲ್ಲಿ ಎಷ್ಟು ಎನರ್ಜಿ ಹಿಡಿಯುತ್ತೆ ಅನ್ನೋ ಅಳತೆ, ಸುಮಾರು 10, ಬೇರಿಯಂ ಟೈಟನೇಟ್ ಅನ್ನೋ ಸೆರಾಮಿಕ್ ಪುಡಿದು ಸಾವಿರದ ಲೆಕ್ಕ, ಹಾಗಾಗಿ ಪುಡಿ ಸೇರಿಸಿದಷ್ಟೂ ಎನರ್ಜಿಯೆಲ್ಲ ಪುಡಿಯೊಳಗೆ ಹೋಗಿ ಕೂತ್ಕೊಳ್ಳುತ್ತೆ. ತುಂಬಾ ಜನ ಹೀಗೇ ತಿಳ್ಕೊಂಡಿರ್ತಾರೆ, ಆದ್ರೆ ಕಾಗದ ತಗೊಂಡು ಒಂದೇ ಒಂದು ಗುಂಡಗಿನ ಕಣಕ್ಕೆ ಲೆಕ್ಕ ಹಾಕಿ ನೋಡಿ. ಪಾಲಿಮರ್ 10, ಕಣ 1000 ಅಂತ ಇಟ್ಕೊಂಡ್ರೆ ಕಣದ ಒಳಗಿನ ಎಲೆಕ್ಟ್ರಿಕ್ ಫೀಲ್ಡ್ (ದಪ್ಪದ ಪ್ರತಿ ಅಳತೆಗೆ ಬೀಳೋ ವೋಲ್ಟೇಜ್) ಹೊರಗಿನದ್ರ ಬರೀ 3 ಪರ್ಸೆಂಟ್ ಆಗುತ್ತೆ, ಎನರ್ಜಿ ಅನ್ನೋದು ಫೀಲ್ಡ್‌ನ ವರ್ಗದ ಮೇಲೆ ಹೋಗೋದ್ರಿಂದ ಆ ಕಣ ಅಷ್ಟೇ ಗಾತ್ರದ ಪಾಲಿಮರ್ ಹಿಡಿಯೋದ್ರಲ್ಲಿ ಹತ್ತನೇ ಒಂದು ಪಾಲೂ ಹಿಡಿಯಲ್ಲ. ಕಣದ ಒಳಗಿಂದ ತಳ್ಳಿಸಿಕೊಂಡ ಫೀಲ್ಡ್ ಎಲ್ಲಿಗೆ ಹೋಯ್ತು? ಕಣದ ಎರಡು ತುದಿಯಲ್ಲಿರೋ ಪಾಲಿಮರ್ ಮೇಲೆ ಬಿತ್ತು, ಅಲ್ಲಿ ಫೀಲ್ಡ್ ಹೆಚ್ಚುಕಮ್ಮಿ ಮೂರು ಪಟ್ಟು. ಪರ್ಮಿಟಿವಿಟಿ ಏರಿದ ಹಾಗೆ ಕಾಣೋದೂ ಇದ್ರಿಂದಲೇ, ಫಿಲ್ಮ್ ಸುಟ್ಟು ತೂತಾಗೋದೂ ಇದೇ ಜಾಗದಿಂದಲೇ. ನಿಮ್ಮ ಲೇಖನದ ಜೀವ ಇಲ್ಲಿದೆ, ನೀವು ಅದನ್ನ ಮುಟ್ಟೇ ಇಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಗಾತ್ರದಲ್ಲಿ 10 ಪರ್ಸೆಂಟ್ ಪುಡಿ ಚೆನ್ನಾಗಿ ಹರಡಿದ್ರೆ ಪರ್ಮಿಟಿವಿಟಿ 10ರಿಂದ 13ರ ಆಸುಪಾಸಿಗೆ ಏರುತ್ತೆ. ಒಳ್ಳೇದೇ. ಆದ್ರೆ ಫಿಲ್ಮ್ ತಡ್ಕೊಳ್ಳೋ ಫೀಲ್ಡ್ 13 ಪರ್ಸೆಂಟ್ ಇಳಿದ್ರೆ ಸಾಕು, ಬಂದ ಲಾಭ ಪೂರ್ತಿ ಹೋಯ್ತು. 30 ಪರ್ಸೆಂಟ್ ಇಳಿದ್ರೆ ಪುಡಿ ಹಾಕದೇ ಇರೋ ಫಿಲ್ಮ್‌ಗಿಂತ ಮೂರನೇ ಒಂದು ಭಾಗ ಕಮ್ಮಿ ಎನರ್ಜಿ. ಈ ಎರಡು ಸಾಲು ನಿಮ್ಮ ಲೇಖನದಲ್ಲಿದ್ರೆ ಓದೋರಿಗೆ ಇಡೀ ಕ್ಷೇತ್ರ ಯಾಕೆ ಒದ್ದಾಡ್ತಿದೆ ಅಂತ ಅರ್ಥ ಆಗುತ್ತೆ.

ಆಮೇಲೆ ಕಣದ ಮೈ. 50 ನ್ಯಾನೋಮೀಟರ್ ಅಡ್ಡಳತೆಯ ಕಣಗಳ ಒಂದು ಘನ ಸೆಂಟಿಮೀಟರ್ ಪುಡಿ ತಗೊಂಡ್ರೆ ಅದರ ಒಟ್ಟು ಮೇಲ್ಮೈ 120 ಚದರ ಮೀಟರ್. ಅಷ್ಟೂ ಜಾಗದಲ್ಲಿ ಪಾಲಿಮರ್ ಸರಿಯಾಗಿ ಅಂಟಿದ್ಯಾ ಇಲ್ವಾ ಅನ್ನೋದ್ರ ಮೇಲೇ ಎಲ್ಲಾ ನಿಂತಿದೆ. ಅಂಟದೇ ಇದ್ರೆ ಕಣಗಳು ಗಂಟು ಕಟ್ಟುತ್ವೆ, ಗಂಟಿನ ಮಧ್ಯೆ ಗಾಳಿ ಉಳಿಯುತ್ತೆ, ಫೀಲ್ಡ್ ಏರಿಸಿದಾಗ ಮೊದಲು ಸೀಳೋದು ಆ ಗಾಳಿಯೇ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು 2007ರಲ್ಲಿ ಬೇರಿಯಂ ಟೈಟನೇಟ್ ಕಣಕ್ಕೆ ಫಾಸ್ಫೋನಿಕ್ ಆಸಿಡ್ ಹೊದಿಸಿ ಪಾಲಿಮರ್‌ನಲ್ಲಿ ಗಂಟಿಲ್ಲದೆ ಹರಡಿ ತೋರಿಸಿದ್ದು ಇದಕ್ಕೇ ಮುಖ್ಯ. ನೀವು ಅದನ್ನ ‘ಸರ್ಫೇಸ್ ಟ್ರೀಟ್‌ಮೆಂಟ್ ಮಾಡಲಾಗುತ್ತದೆ’ ಅಂತ ಅರ್ಧ ಸಾಲಲ್ಲಿ ಮುಗಿಸಿದೀರಿ, ಆದ್ರೆ ನ್ಯಾನೋಟೆಕ್ನಾಲಜಿ ಚರಿತ್ರೆಗೆ ಒಂದೂವರೆ ಪುಟ ಕೊಟ್ಟಿದೀರಿ. ಆ ಚರಿತ್ರೆ ಪೂರ್ತಿ ತೆಗೀರಿ.

ನಿಮ್ಮ ವಾದಕ್ಕೆ ನೇರ ವಿರುದ್ಧ ಹೋಗೋ ಉದಾಹರಣೆನೂ ಒಂದು ಬೇಕು. 2015ರಲ್ಲಿ ಅಮೆರಿಕದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲ್ಸದಲ್ಲಿ ಸೇರಿಸಿದ್ದು ಬೋರಾನ್ ನೈಟ್ರೈಡ್ ಹಾಳೆಗಳನ್ನ, ಅದರ ಪರ್ಮಿಟಿವಿಟಿ ಬರೀ 4ರ ಹತ್ತಿರ. ಆದ್ರೂ ಆ ಫಿಲ್ಮ್ 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲ್ಸ ಮಾಡ್ತು, ನಮ್ಮ ಪಾಲಿಪ್ರೊಪಿಲೀನ್ 105 ದಾಟಿದ್ರೆ ಸುಸ್ತು. ಅಲ್ಲಿ ಗೆದ್ದಿದ್ದು ಕರೆಂಟ್ ಸೋರಿಕೆ ತಡೆದಿದ್ದಕ್ಕೆ, ಬಿಸಿನ ಬೇಗ ಹೊರಗೆ ಸಾಗಿಸಿದ್ದಕ್ಕೆ.

ಅಳತೆಗಳ ಬಗ್ಗೆ ಎರಡು ಪ್ರಶ್ನೆ, ಉತ್ತರ ಬರೆದು ಕಳ್ಸಿ. ಬ್ರೇಕ್‌ಡೌನ್ ಫೀಲ್ಡ್ (ಫಿಲ್ಮ್ ತೂತಾಗೋ ಫೀಲ್ಡ್) ಅಂತ ಒಂದೇ ಒಂದು ಸಂಖ್ಯೆ ಕೊಟ್ಟಿದೀರಿ, ಅದು ಎಷ್ಟು ಸ್ಯಾಂಪಲ್‌ನಿಂದ ಬಂತು, ಎಲ್ಲಕ್ಕಿಂತ ಚೆನ್ನಾಗಿ ಬಂದದ್ದಾ ಅಥ್ವಾ ವೈಬುಲ್ (ತುಂಬಾ ಸ್ಯಾಂಪಲ್‌ಗಳನ್ನ ಒಟ್ಟಿಗೆ ನೋಡೋ ಅಂಕಿಅಂಶದ ವಿಧಾನ) ಹಾಕಿ 63.2 ಪರ್ಸೆಂಟ್ ಸ್ಯಾಂಪಲ್ ತೂತಾಗೋ ಹತ್ರ ಓದಿದ್ದಾ? ಮತ್ತೆ, ನೀವು ಬರೆದ ಎನರ್ಜಿ ಚಾರ್ಜ್ ಮಾಡುವಾಗ ಹಾಕಿದ್ದೋ ವಾಪಸ್ ಬಂದಿದ್ದೋ? ಪಿವಿಡಿಎಫ್ ಹಾಕಿದ್ರಲ್ಲಿ ಒಂದಷ್ಟು ತನ್ನೊಳಗೇ ಬಿಸಿ ಮಾಡ್ಕೊಂಡು ನುಂಗುತ್ತೆ, ಹಾಗಾಗಿ ವಾಪಸ್ ಬಂದ ಲೆಕ್ಕ ಇಲ್ದೆ ಆ ಅಂಕಿ ಹಾಕೋಕೆ ನಾನು ಒಪ್ಪಲ್ಲ.

ಇನ್ನು ನಾಲ್ಕನೇ ಪುಟ. ರಾತ್ರಿಯೆಲ್ಲ ಕಲಕಿ, ಅಲ್ಟ್ರಾಸೌಂಡ್ ಕೊಟ್ಟ ಮೇಲೂ ಬೆಳಿಗ್ಗೆ ಬೀಕರ್ ತಳದಲ್ಲಿ ಬಿಳಿ ಕೆಸರು ಕೂತಿತ್ತು, ಗ್ಲಾಸ್ ಮೇಲೆ ಎರೆದ ಫಿಲ್ಮ್ ಬೆಳಕಿಗೆ ಹಿಡಿದ್ರೆ ಒಂದು ಮೂಲೆ ಹಾಲಿನ ಹಾಗೆ, ಇನ್ನೊಂದು ಮೂಲೆ ಪಾರದರ್ಶಕ, ಟೆಸ್ಟ್‌ಗೆ ಇಟ್ಟಾಗ ತೂತು ಬಿದ್ದಿದ್ದು ಹಾಲಿನ ಮೂಲೆಯಲ್ಲೇ ಅಂತ ಬರೆದಿದೀರಲ್ಲ, ಅದು ಬಹಳ ಚೆನ್ನಾಗಿದೆ. ನಾನು ಮೇಲೆ ಬರೆದ ಲೆಕ್ಕವೆಲ್ಲ ನಿಮ್ಮ ಆ ಒಂದು ಮೂಲೆಯಲ್ಲಿ ಕಣ್ಣಿಗೆ ಕಾಣ್ತಾ ಇದೆ. ಲೇಖನ ಅಲ್ಲಿಂದ ಶುರುವಾಗ್ಲಿ, ಯಾಕೆ ಅಲ್ಲೇ ತೂತಾಯ್ತು ಅಂತ ಕೇಳ್ತಾ ಗಂಟು, ಗಾಳಿ, ಫೀಲ್ಡ್, ಕಣದ ಹೊದಿಕೆ ಹೀಗೆ ಬಿಡಿಸ್ತಾ ಹೋಗಿ. ಲ್ಯಾಬಿನ ಚಿಕ್ಕ ತುಂಡಲ್ಲಿ ಗೆದ್ದದ್ದು ಫ್ಯಾಕ್ಟರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಎಳೆದು ತೆಳ್ಳಗೆ ಮಾಡೋ ಫಿಲ್ಮ್‌ನಲ್ಲಿ ಗೆಲ್ಲೋದು ಯಾಕೆ ಕಷ್ಟ ಅನ್ನೋದಕ್ಕೂ ಒಂದು ಪ್ಯಾರಾ ಇರ್ಲಿ.

1,200 ಪದ ದಾಟಬೇಡಿ. ತೂತಾದ ಜಾಗದ ಮೈಕ್ರೋಸ್ಕೋಪ್ ಫೋಟೋ ಇದ್ರೆ ಅಳತೆಯ ಗೆರೆ ಸಮೇತ ಕಳ್ಸಿ, ಹೊದಿಕೆ ಹಾಕಿದ ಕಣದ ಫಿಲ್ಮೂ ಮಾಡಿದ್ರೆ ಎರಡೂ ಅಕ್ಕಪಕ್ಕ ಬೇಕು.