5 ವೋಲ್ಟ್ ಸಪ್ಲೈ, 0.5ರಿಂದ 4.5 ವೋಲ್ಟ್‌ನ ಸೆನ್ಸರ್: ಯಾವ ಆಪ್-ಆಂಪ್ ಹಾಕಬೇಕು?

ನೀರಿನ ಪೈಪಿಗೆ ಕೂರಿಸಿದ ಒತ್ತಡದ ಸೆನ್ಸರ್ 0.5ರಿಂದ 4.5 ವೋಲ್ಟ್ ಕೊಡುತ್ತದೆ, ಅದನ್ನು 5 ವೋಲ್ಟ್‌ನಲ್ಲಿ ನಡೆಯುವ ಎಲ್‌ಎಂ358 ಎಂಬ ಆಪ್-ಆಂಪ್‌ನ (ಸಿಗ್ನಲ್ ವರ್ಧಕ ಚಿಪ್‌ನ) ಬಫರ್ ಮೂಲಕ (ಒಳಬಂದ ವೋಲ್ಟೇಜನ್ನೇ ಹೊರಗೆ ಕೊಡುವ ಸರ್ಕ್ಯೂಟ್) ಆರ್ಡುಯಿನೋ ಊನೋ ಮೈಕ್ರೋಕಂಟ್ರೋಲರ್ ಬೋರ್ಡಿಗೆ ಕೊಟ್ಟರೆ ಸುಮಾರು 3.6 ವೋಲ್ಟ್ ದಾಟಿ ರೀಡಿಂಗ್ ಏರುವುದಿಲ್ಲ, ಅದರ ಜಾಗದಲ್ಲಿ ಟಿಎಲ್072 ಹಾಕಿದರೆ ಅಂಕಿಗಳು ಮನಬಂದಂತೆ ಕುಣಿಯುತ್ತವೆ ಎಂದು ಬರೆದಿದ್ದೀರಿ. ಚಿಪ್‌ಗಳು ಕೆಟ್ಟಿರುವ ಸಾಧ್ಯತೆ ಕಡಿಮೆ. ಈ ಸಪ್ಲೈನಲ್ಲಿ ಈ ಸಿಗ್ನಲ್ಲನ್ನು ಹಿಡಿಯುವ ಶಕ್ತಿ ಅವೆರಡಕ್ಕೂ ಇಲ್ಲ, ಅಷ್ಟೆ.

ಡೇಟಾಶೀಟ್‌ನಲ್ಲಿ ನೀವು ನೋಡಬೇಕಾದ ಸಾಲು ಕಾಮನ್-ಮೋಡ್ ಇನ್‌ಪುಟ್ ವೋಲ್ಟೇಜ್ ರೇಂಜ್, ಅಂದರೆ ಇನ್‌ಪುಟ್ ಪಿನ್‌ಗಳ ವೋಲ್ಟೇಜ್ ಎಲ್ಲಿಂದ ಎಲ್ಲಿಯವರೆಗೆ ಇದ್ದರೆ ಚಿಪ್ ಸರಿಯಾಗಿ ಕೆಲಸ ಮಾಡುತ್ತದೆ ಎಂಬುದು. ಮೊದಲ ಪುಟಗಳಲ್ಲಿರುವ ಆಬ್ಸಲ್ಯೂಟ್ ಮ್ಯಾಕ್ಸಿಮಮ್ ಪಟ್ಟಿಯನ್ನು ಇದಕ್ಕೆ ನೋಡಬೇಡಿ. ಎಲ್‌ಎಂ358ರ ಇನ್‌ಪುಟ್ 32 ವೋಲ್ಟ್ ತಡೆಯುತ್ತದೆ ಎಂದು ಅಲ್ಲಿ ಬರೆದಿರುವುದು ಚಿಪ್ ಸುಡುವುದಿಲ್ಲ ಎಂಬ ಭರವಸೆಯೇ ಹೊರತು ಕೆಲಸ ಮಾಡುತ್ತದೆ ಎಂಬ ಭರವಸೆಯಲ್ಲ. ಎಲ್‌ಎಂ358ರ ಇನ್‌ಪುಟ್‌ನಲ್ಲಿರುವುದು ಪಿಎನ್‌ಪಿ ಟ್ರಾನ್ಸಿಸ್ಟರ್‌ಗಳು. ಆದ್ದರಿಂದ ಕೆಳಗೆ ಅದು ಗ್ರೌಂಡ್‌ವರೆಗೂ ಇಳಿಯುತ್ತದೆ, ಆದರೆ ಆ ಟ್ರಾನ್ಸಿಸ್ಟರ್‌ಗಳಿಗೆ ಕರೆಂಟ್ ಒದಗಿಸುವ ಭಾಗಕ್ಕೆ ಮೇಲಿನ ರೈಲ್‌ನ (ಸಪ್ಲೈನ ಪ್ಲಸ್ ತುದಿಯ) ಕೆಳಗೆ ಸ್ವಲ್ಪ ಜಾಗ ಬೇಕು: 25 ಡಿಗ್ರಿಯಲ್ಲಿ 1.5 ವೋಲ್ಟ್, ಪೂರ್ತಿ ತಾಪಮಾನ ವ್ಯಾಪ್ತಿಗೆ 2 ವೋಲ್ಟ್. ಯುಎಸ್‌ಬಿಯಿಂದ ಬರುವ 5 ವೋಲ್ಟ್ ಉದ್ದನೆಯ ಕೇಬಲ್‌ನಲ್ಲಿ 4.7ಕ್ಕೆ ಇಳಿದಿದ್ದರೆ, ಖಾತರಿಯಾಗಿ ನಂಬಬಹುದಾದ ಮೇಲಿನ ಮಿತಿ 2.7 ವೋಲ್ಟ್ ಮಾತ್ರ. ಲೆಕ್ಕವನ್ನು ಯಾವಾಗಲೂ ಅತಿ ಕಡಿಮೆ ಸಪ್ಲೈ ವೋಲ್ಟೇಜ್‌ಗೆ ಹಾಕಬೇಕು, ಟಿಪಿಕಲ್ ಕಾಲಂ ಬಿಟ್ಟು ಖಾತರಿ ಕೊಟ್ಟಿರುವ ಕಾಲಂ ಓದಬೇಕು.

ಟಿಎಲ್072ರ ಕಥೆ ಇನ್ನೂ ಸ್ವಾರಸ್ಯವಾಗಿದೆ. ಹಳೆಯ ಟಿಎಲ್072ಗೆ ±15 ವೋಲ್ಟ್ ಸಪ್ಲೈನಲ್ಲಿ ಖಾತರಿ ಕೊಟ್ಟಿರುವುದು ±11 ವೋಲ್ಟ್, ಅಂದರೆ ಎರಡೂ ರೈಲ್‌ಗಳಿಂದ 4 ವೋಲ್ಟ್ ಒಳಗೆ. ಅದೇ 4 ವೋಲ್ಟನ್ನು ನಿಮ್ಮ 5 ವೋಲ್ಟ್‌ನಿಂದ ಎರಡೂ ಕಡೆ ಕಳೆದು ನೋಡಿ: ಕೆಳಗಿನ ಮಿತಿ 4, ಮೇಲಿನ ಮಿತಿ 1! ಉಳಿಯುವ ರೇಂಜ್ ಏನೂ ಇಲ್ಲ. ಸಾಲದ್ದಕ್ಕೆ, ಅದರ ಇನ್‌ಪುಟ್ ಕೆಳಗಿನ ಮಿತಿ ದಾಟಿ ನೆಗೆಟಿವ್ ರೈಲ್‌ನ ಹತ್ತಿರ ಹೋದಾಗ ಔಟ್‌ಪುಟ್ ತಲೆಕೆಳಗಾಗಿ ಮೇಲಿನ ರೈಲ್‌ಗೆ ಜಿಗಿಯಬಹುದು. ಇದಕ್ಕೆ ಫೇಸ್ ರಿವರ್ಸಲ್ ಎನ್ನುತ್ತಾರೆ. ಆಡಿಯೋ ಕೆಲಸಕ್ಕೆ ಬಹಳ ಒಳ್ಳೆಯ ಚಿಪ್, ಈ ಕೆಲಸಕ್ಕೆ ಅಲ್ಲ.

ರೈಲ್-ಟು-ರೈಲ್ (ಒಂದು ರೈಲ್‌ನಿಂದ ಇನ್ನೊಂದರವರೆಗೆ) ಎಂಬ ಮಾತು ಕಂಡೊಡನೆ ಕೊಂಡುಬಿಡಬೇಡಿ. ಟಿಎಲ್‌ಸಿ2272ರಂಥ ಚಿಪ್‌ಗಳಲ್ಲಿ ಔಟ್‌ಪುಟ್ ಮಾತ್ರ ರೈಲ್-ಟು-ರೈಲ್, ಇನ್‌ಪುಟ್ ಮೇಲಿನ ರೈಲ್‌ವರೆಗೆ ಹೋಗುವುದಿಲ್ಲ. ಬಫರ್ ಸರ್ಕ್ಯೂಟ್‌ನಲ್ಲಿ ಇನ್‌ಪುಟ್ ಪಿನ್ ಇಡೀ ಸಿಗ್ನಲ್ಲನ್ನು ಕಾಣುವುದರಿಂದ ನಿಮಗೆ ಎರಡೂ ಬೇಕು. ಇನ್‌ವರ್ಟಿಂಗ್ ಸರ್ಕ್ಯೂಟ್ ಆಗಿದ್ದರೆ ಪಿನ್‌ಗಳು ರೆಫರೆನ್ಸ್ ವೋಲ್ಟೇಜ್‌ನಲ್ಲೇ ನಿಂತಿರುತ್ತವೆ, ಆಗ ಈ ಚಿಂತೆಯೇ ಇರುತ್ತಿರಲಿಲ್ಲ.

ನನ್ನ ಆಯ್ಕೆ ಎಂಸಿಪಿ6002. ಅದು 1.8ರಿಂದ 6 ವೋಲ್ಟ್‌ನಲ್ಲಿ ನಡೆಯುತ್ತದೆ, ಇನ್‌ಪುಟ್ ಎರಡೂ ರೈಲ್‌ಗಳಿಂದ 0.3 ವೋಲ್ಟ್ ಹೊರಗಿನವರೆಗೂ ಹೋಗಬಹುದು, ಕಡಿಮೆ ಲೋಡ್‌ನಲ್ಲಿ ಔಟ್‌ಪುಟ್ ರೈಲ್‌ಗಳಿಗೆ ಬಹುತೇಕ ತಾಗುತ್ತದೆ. ಆಫ್‌ಸೆಟ್ (ಚಿಪ್ ತಾನೇ ಸೇರಿಸುವ ಸಣ್ಣ ವೋಲ್ಟೇಜ್ ತಪ್ಪು) ಹೆಚ್ಚೆಂದರೆ 4.5 ಮಿಲಿವೋಲ್ಟ್, ಊನೋದ 10 ಬಿಟ್ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗದ) ಒಂದು ಹೆಜ್ಜೆಯೇ 4.9 ಮಿಲಿವೋಲ್ಟ್ ಆಗಿರುವುದರಿಂದ ಇದಕ್ಕಿಂತ ದುಬಾರಿ ಚಿಪ್ ಹಾಕಿ ನಿಮಗೆ ಆಗಬೇಕಾದ್ದೇನೂ ಇಲ್ಲ. ಇಂಥ ಚಿಪ್‌ಗಳ ಒಳಗೆ ಎರಡು ಇನ್‌ಪುಟ್ ಜೋಡಿಗಳಿದ್ದು, ಮೇಲಿನ ರೈಲ್‌ನಿಂದ ಒಂದು ವೋಲ್ಟ್ ಆಸುಪಾಸಿನಲ್ಲಿ ಕೆಲಸ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಆಫ್‌ಸೆಟ್ ಸ್ವಲ್ಪ ಬದಲಾಗುತ್ತದೆ. ಆಡಿಯೋದಲ್ಲಿ ಅದು ಡಿಸ್ಟಾರ್ಷನ್ ಆಗಬಹುದು, ನೀರಿನ ಒತ್ತಡಕ್ಕೆ ಲೆಕ್ಕಕ್ಕಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಎಲ್‌ಎಂ358ಗಳೇ ಕೈಯಲ್ಲಿದ್ದು ಅವನ್ನೇ ಬಳಸಬೇಕೆಂದಿದ್ದರೆ ದಾರಿಗಳು ಎರಡು. ಒಂದು, ಎರಡು 10 ಕಿಲೋಓಮ್ ರೆಸಿಸ್ಟರ್‌ಗಳಿಂದ ಸಿಗ್ನಲ್ಲನ್ನು ಅರ್ಧಕ್ಕಿಳಿಸಿ ಬಫರ್‌ಗೆ ಕೊಡುವುದು; 2.25 ವೋಲ್ಟ್ ಅದರ ರೇಂಜ್‌ನ ಒಳಗಿದೆ, ಆದರೆ ಅಳತೆಯ ಸೂಕ್ಷ್ಮತೆ ಅರ್ಧವಾಗುತ್ತದೆ. ಇನ್ನೊಂದು, ಚಿಪ್‌ಗೆ ಮಾತ್ರ 12 ವೋಲ್ಟ್ ಕೊಡುವುದು. ಇಲ್ಲಿ ಅಪಾಯವಿದೆ. ಎಲ್‌ಎಂ358ರ ಇನ್‌ಪುಟ್ ಕರೆಂಟ್ ಪಿನ್ನಿನಿಂದ ಹೊರಕ್ಕೆ ಹರಿಯುತ್ತದೆ, ಹಾಗಾಗಿ ಸೆನ್ಸರ್ ವೈರ್ ಕಿತ್ತುಹೋದ ದಿನ ತೆರೆದ ಪಿನ್ ತಾನಾಗಿಯೇ ಮೇಲಕ್ಕೇರಿ ಔಟ್‌ಪುಟ್ಟನ್ನು 10 ವೋಲ್ಟ್ ಹತ್ತಿರಕ್ಕೆ ಒಯ್ಯುತ್ತದೆ, ಅದು ನೇರವಾಗಿ ಊನೋದ ಪಿನ್ನಿಗೆ ಹೋಗುತ್ತದೆ. ನಡುವೆ 10 ಕಿಲೋಓಮ್ ರೆಸಿಸ್ಟರ್, ಇನ್‌ಪುಟ್‌ನಿಂದ ಗ್ರೌಂಡ್‌ಗೆ 100 ಕಿಲೋಓಮ್ ರೆಸಿಸ್ಟರ್ ಇಲ್ಲದೆ ಈ ದಾರಿ ಹಿಡಿಯಬೇಡಿ.

ಇದೆಲ್ಲದರ ನಡುವೆ ಒಂದು ಮಾತು: ವೈರ್ ಚಿಕ್ಕದಿದ್ದು ಸೆನ್ಸರ್‌ನ ಔಟ್‌ಪುಟ್ ಇಂಪೀಡೆನ್ಸ್ 10 ಕಿಲೋಓಮ್‌ಗಿಂತ ಕಡಿಮೆ ಇದ್ದರೆ ಊನೋದ ಎಡಿಸಿಗೆ ಬಫರ್ ಬೇಕಾಗಿಯೇ ಇಲ್ಲ.

ಚಿಪ್ ಬದಲಿಸಿದ ಮೇಲೆ ಪರೀಕ್ಷೆ ಸುಲಭ. ಸೆನ್ಸರ್ ಬದಲು 10 ಕಿಲೋಓಮ್ ಪೊಟೆನ್ಶಿಯೋಮೀಟರ್ ಜೋಡಿಸಿ, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ಪ್ಲಸ್ ಇನ್‌ಪುಟ್‌ಗೂ ಇನ್ನೊಂದನ್ನು ಔಟ್‌ಪುಟ್‌ಗೂ ಹಿಡಿದು ನಿಧಾನವಾಗಿ ತಿರುಗಿಸಿ. ರೇಂಜ್‌ನ ಒಳಗಿರುವವರೆಗೆ ವ್ಯತ್ಯಾಸ ಕೆಲವು ಮಿಲಿವೋಲ್ಟ್‌ನಲ್ಲೇ ಇರುತ್ತದೆ. ಎಲ್ಲಿ ಅದು ಒಮ್ಮೆಲೇ ಏರಲು ಶುರುವಾಗುತ್ತದೋ ಅಲ್ಲಿ ಇನ್‌ಪುಟ್ ಅಥವಾ ಔಟ್‌ಪುಟ್, ಎರಡರಲ್ಲೊಂದರ ಮಿತಿ ಮುಗಿದಿದೆ.