ಪೀಠಿಕೆ ಬಾಯಿಪಾಠ ಆಗಿದೆ, ಅರ್ಥ ಹೇಗೆ ಹೇಳಲಿ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ದಿನಾ ಪ್ರಾರ್ಥನೆ ಹೊತ್ತಿಗೆ ಸಂವಿಧಾನದ ಪೀಠಿಕೆ ಓದಿಸುತ್ತೇವೆ. ಮಕ್ಕಳಿಗೆ ಪೂರ್ತಿ ಬಾಯಿಪಾಠ. ಮೊನ್ನೆ ಎಂಟನೇ ತರಗತಿಯಲ್ಲಿ 'ಭ್ರಾತೃತ್ವ ಅಂದ್ರೆ ಏನು?' ಎಂದು ಕೇಳಿದೆ. ಒಬ್ಬ ಹುಡುಗ, 'ಅದು ಕಡೀಕ್ ಬರತೈತ್ರಿ ಟೀಚರ್' ಎಂದ. ಇವರಿಗೆ ಅರ್ಥ ಮುಟ್ಟಿಸುವುದು ಹೇಗೆ?

ಉತ್ತರ: ಆ ಹುಡುಗ ಹೇಳಿದ್ದರಲ್ಲಿ ತಪ್ಪೇನಿಲ್ಲ ಟೀಚರ್. ಆ ಪದ ನಿಜಕ್ಕೂ ಕಡೆಗೇ ಬಂದದ್ದು. 1946ರ ಡಿಸೆಂಬರ್ 13ರಂದು ನೆಹರೂ ಸಂವಿಧಾನ ಸಭೆಯ ಮುಂದಿಟ್ಟ ಗುರಿಗಳ ನಿರ್ಣಯದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆ ಇದ್ದವು. ಭ್ರಾತೃತ್ವ ಇರಲಿಲ್ಲ. ಅದನ್ನು ಸೇರಿಸಿದ್ದು ಡಾ. ಅಂಬೇಡ್ಕರ್ ಅಧ್ಯಕ್ಷರಾಗಿದ್ದ ಕರಡು ಸಮಿತಿ. 1949ರ ನವೆಂಬರ್ 25ರ ಭಾಷಣದಲ್ಲಿ ಅವರು, ಭ್ರಾತೃತ್ವ ಇಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆ ಎರಡೂ ಮೇಲೆ ಬಳಿದ ಬಣ್ಣದಷ್ಟೇ ಎಂದರು. ಹಾಗಾದರೆ ಮೊದಲು ಯಾಕೆ ಇರಲಿಲ್ಲ, ಆಮೇಲೆ ಯಾಕೆ ಬೇಕಾಯಿತು? ಇಡೀ ಒಂದು ಪಿರಿಯಡ್ ಇದನ್ನೇ ಮಾತಾಡಿಸಿ.

ಪದದ ಅರ್ಥ ಬೋರ್ಡಿನ ಮೇಲೆ ಬರೆಯಲು ಹೋಗಬೇಡಿ. 'ಭ್ರಾತೃ ಅಂದರೆ ಅಣ್ಣತಮ್ಮ' ಎಂದರೆ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು 'ನಾವೆಲ್ಲಿ ಹೋಗೂಣ್ರೀ?' ಅಂತಾಳೆ. ಕೇಳಬೇಕಾದ್ದೇ. 'ಒಡಹುಟ್ಟಿದವರ ಹಾಗೆ ಇರೋದು' ಎನ್ನಿ ಸಾಕು. ಆಮೇಲೆ ಬಿಸಿಯೂಟಕ್ಕೆ ಕರೆದುಕೊಂಡು ಹೋಗಿ.

ಮೊಟ್ಟೆ ಕೊಡುವ ದಿನ ನೋಡಿ. ಒಬ್ಬ ಮೊಟ್ಟೆ ಬೇಕು ಅಂತಾನೆ, ಇನ್ನೊಬ್ಬ ಬಾಳೆಹಣ್ಣು ಅಂತಾನೆ. ಬೇಕಾದ್ದನ್ನು ಕೇಳಬಹುದು ಅನ್ನೋದು ಸ್ವಾತಂತ್ರ್ಯ. ಯಾರಿಗೂ ಇಲ್ಲ ಅನ್ನದೆ ಕೊಡೋದು ಸಮಾನತೆ. ಈಗ ಅವರು ಎಲ್ಲಿ ಕೂತರು ನೋಡಿ. ಒಂದು ಶಾಲೆಯಲ್ಲಿ ಮೊಟ್ಟೆಯವರು ಕಟ್ಟೆ ಕೆಳಗೆ, ಬಾಳೆಹಣ್ಣಿನವರು ಕಟ್ಟೆ ಮೇಲೆ ಕೂತದ್ದು ಕಂಡಿದ್ದೇನೆ. ಯಾರೂ ಹೇಳಿರಲಿಲ್ಲ, ತಾನಾಗೇ ಆಗಿತ್ತು. ಎರಡು ಪದ ಅಲ್ಲಿದ್ದವು, ಮೂರನೆಯದು ಇರಲಿಲ್ಲ. ಮಕ್ಕಳಿಗೆ ಬೈಯಬೇಡಿ. 'ಇಲ್ಲಿ ಯಾವ ಪದ ಕಾಣ್ತಾ ಇಲ್ಲ?' ಎಂದು ಮಾತ್ರ ಕೇಳಿ.

ಇನ್ನೊಂದು ಮಾತು. ಪ್ರಾರ್ಥನೆ ಜೊತೆ ಓದಿಸುತ್ತೇವಲ್ಲ, ಹಾಗಾಗಿ ಮಕ್ಕಳು ಪೀಠಿಕೆಯೂ ಒಂದು ಮಂತ್ರ ಅಂದುಕೊಳ್ಳುತ್ತಾರೆ. ಅದು ಜಗಳವಾಡಿ, ಕೈ ಎತ್ತಿ ಒಪ್ಪಿದ ಮಾತು. 1949ರ ಅಕ್ಟೋಬರ್ 17ರಂದು ಸಂವಿಧಾನ ಸಭೆಯ ಸದಸ್ಯ ಎಚ್.ವಿ. ಕಾಮತ್, ಪೀಠಿಕೆಯನ್ನು 'ದೇವರ ಹೆಸರಿನಲ್ಲಿ' ಎಂದು ಶುರು ಮಾಡೋಣ ಅಂದರು. ಬೇಕು ಅಂದವರು 41, ಬೇಡ ಅಂದವರು 68. ತರಗತಿಯಲ್ಲಿ ಇದನ್ನೇ ಆಡಿಸಿ. ಅರ್ಧ ಮಕ್ಕಳು ಕಾಮತರ ಕಡೆ, ಅರ್ಧ ಆ ಕಡೆ. ಬೇಡ ಅಂದವರೆಲ್ಲ ನಾಸ್ತಿಕರೇನಲ್ಲ, ನಂಬಿಕೆಯನ್ನು ಯಾರ ಮೇಲೂ ಹೇರಬಾರದು ಅನ್ನೋದು ಅಲ್ಲಿದ್ದ ಒಂದು ವಾದ ಎಂದೂ ಹೇಳಿ. 'ಸಮಾಜವಾದಿ', 'ಜಾತ್ಯತೀತ' ಪದಗಳು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ ಸೇರಿದವು. ಅಷ್ಟು ಹೇಳಿ ಮುಂದೆ ಹೋಗಿ.

ಕೂಡಲಸಂಗಮ ಹತ್ತಿರ ಇದೆ, ಬಸವಣ್ಣನವರ ಮಾತು ಬಂದೇ ಬರುತ್ತದೆ. ಬರಲಿ. ಆದರೆ ಎಲ್ಲ 12ನೇ ಶತಮಾನದಲ್ಲೇ ಮುಗಿದಿತ್ತು ಅಂದುಬಿಡಬೇಡಿ. ಮುಗಿದಿದ್ದರೆ ಅಸ್ಪೃಶ್ಯತೆ ನಿಲ್ಲಿಸಲು 17ನೇ ವಿಧಿ ಯಾಕೆ ಬೇಕಿತ್ತು ಅಂತ ಮಕ್ಕಳೇ ಕೇಳುತ್ತಾರೆ.

ಪ್ರಶ್ನೆ: ವಿಜಯಪುರದಿಂದ ಬರೆಯುತ್ತಿದ್ದೇನೆ. ಶಾಲೆಯಲ್ಲಿ ಪೀಠಿಕೆ ಕಲಿತ ಮೇಲೆ ಮಗಳು ಮನೆಯಲ್ಲಿ ಎದುರುತ್ತರ ಕೊಡುವುದು ಜಾಸ್ತಿ ಆಗಿದೆ. 'ತಮ್ಮ ಯಾಕೆ ತಟ್ಟೆ ತೊಳೆಯಲ್ಲ?' ಅಂತಾಳೆ. ಒಂಬತ್ತನೇ ತರಗತಿಗೇ ಇದೆಲ್ಲ ಬೇಕಾ?

ಉತ್ತರ: ಅದು ಎದುರುತ್ತರ ಅಲ್ಲ ಸಾಹೇಬ್ರೇ, ಪ್ರಶ್ನೆ. ಅವಳ ಟೀಚರಿಗೆ ನನ್ನ ನಮಸ್ಕಾರ ತಿಳಿಸಿ. ತಮ್ಮನಿಗೆ ಎಷ್ಟು ವಯಸ್ಸು ಅಂತ ನೀವು ಬರೆದಿಲ್ಲ. ನಲ್ಲಿ ಕೈಗೆ ಎಟುಕುತ್ತದೆ ಅಂದರೆ ಇವತ್ತು ರಾತ್ರಿ ಊಟದಿಂದಲೇ ಶುರು ಮಾಡಿಸಿ. ಎಟುಕದಿದ್ದರೆ ಅವನ ತಟ್ಟೆ ನೀವೇ ತೊಳೆಯಿರಿ.